ಗುಂಡ್ಲುಪೇಟೆಯಲ್ಲಿ ತಂಗಿ, ದಿನಕ್ಕೊಂದು ದಿಕ್ಕು ಸುತ್ತಿ

ಮೈಸೂರಿನಿಂದ ಊಟಿಗೋ ವಯನಾಡಿಗೋ ಹೊರಟವರಿಗೆ ಗುಂಡ್ಲುಪೇಟೆ ಎಂದರೆ ತಿಂಡಿ ಮುಗಿಸಿ, ಪೆಟ್ರೋಲ್ ತುಂಬಿಸಿಕೊಂಡು, ನೇರ ಹೋಗಬೇಕೋ ಬಲಕ್ಕೆ ತಿರುಗಬೇಕೋ ಎಂದು ವಿಚಾರಿಸುವ ಜಾಗ. ನೇರ ಹೋದರೆ ಊಟಿ ರಸ್ತೆ, ಬಲಕ್ಕೆ ತಿರುಗಿದರೆ ಕೇರಳ ರಸ್ತೆ. ಅರ್ಧ ಗಂಟೆಯೊಳಗೆ ಊರು ಹಿಂದೆ ಉಳಿದು ಕಾಡು ಶುರುವಾಗುತ್ತದೆ. ಬಹುಪಾಲು ಪ್ರವಾಸಿಗರಿಗೆ ಈ ಊರಿನ ಪರಿಚಯ ಇಷ್ಟೇ.

ಈ ಅಭ್ಯಾಸವನ್ನು ಬದಲಿಸಿಕೊಂಡರೆ ಪ್ರವಾಸ ಸುಖವಾಗುತ್ತದೆ, ಅಗ್ಗವೂ ಆಗುತ್ತದೆ. ಗುಂಡ್ಲುಪೇಟೆ ಇರುವುದು ಮೂರು ರಾಜ್ಯಗಳು ಕೂಡುವ ಮೂಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ. ಇಲ್ಲಿಂದ ಉತ್ತರಕ್ಕೆ ನಂಜನಗೂಡು, ಪೂರ್ವಕ್ಕೆ ತೆರಕಣಾಂಬಿ ಮತ್ತು ಚಾಮರಾಜನಗರ, ಪಶ್ಚಿಮಕ್ಕೆ ಕೇರಳದ ಸುಲ್ತಾನ್ ಬತ್ತೇರಿ, ದಕ್ಷಿಣಕ್ಕೆ ತಮಿಳುನಾಡಿನ ಗೂಡಲೂರು, ಊಟಿ. ಪ್ರತಿಯೊಂದಕ್ಕೂ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಊರಿನ ಲಾಡ್ಜುಗಳಲ್ಲೋ ಹಂಗಳ, ಮೇಲುಕಾಮನಹಳ್ಳಿ, ಮಂಗಲದ ಕಡೆಯ ಹೋಂಸ್ಟೇ, ರೆಸಾರ್ಟುಗಳಲ್ಲೋ ಕೋಣೆ ಹಿಡಿದು, ಸಾಮಾನು ಅಲ್ಲಿಟ್ಟು, ದಿನಕ್ಕೊಂದು ದಿಕ್ಕು ನೋಡಿಕೊಂಡು ಬನ್ನಿ. ದಿನವೂ ಪೆಟ್ಟಿಗೆ ಕಟ್ಟುವ ಕೆಲಸವಿಲ್ಲ, ರಜೆಯ ದಿನಗಳಲ್ಲಿ ಊಟಿಯ ದುಬಾರಿ ಕೋಣೆಗಾಗಿ ಪರದಾಡಬೇಕಿಲ್ಲ.

ಮೊದಲು ಗಡಿಯಾರ, ಆಮೇಲೆ ನಕ್ಷೆ

ಈ ಭಾಗದಲ್ಲಿ ಪ್ರವಾಸದ ವೇಳಾಪಟ್ಟಿಯನ್ನು ನಿರ್ಧರಿಸುವುದು ದೂರವಲ್ಲ, ಅರಣ್ಯದ ಗೇಟು. ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು ಊಟಿಗೆ ಹೋಗುವ ಹೆದ್ದಾರಿ 181, ಎರಡೂ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡು ಸಾಗುತ್ತವೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಎರಡೂ ರಸ್ತೆಗಳಲ್ಲಿ ವಾಹನ ಸಂಚಾರವಿಲ್ಲ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮತ್ತು ಅನುಮತಿ ಪಡೆದ ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ರಾತ್ರಿ ವೇಗವಾಗಿ ನುಗ್ಗುವ ವಾಹನಗಳಿಗೆ ಸಿಕ್ಕಿ ಜಿಂಕೆ, ಕಡವೆ, ಚಿರತೆ, ಆನೆಗಳು ಸಾಯುತ್ತಿದ್ದವು. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ ಸಂಚಾರ ನಿಷೇಧಿಸಿತು. ವಿರೋಧ ಬಂತು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಅಂದಿನಿಂದ ಗೇಟು ಹಾಕುವುದು ನಿಂತಿಲ್ಲ. ಪ್ರಾಣಿಗಳು ನೀರಿಗೆ, ಮೇವಿಗೆ ರಸ್ತೆ ದಾಟುವ ಹೊತ್ತು ಅದು. ಇದನ್ನು ತೊಂದರೆ ಎಂದುಕೊಳ್ಳದೆ ಕಾಡಿಗೆ ಸಲ್ಲಬೇಕಾದ ಪಾಲು ಎಂದು ಒಪ್ಪಿಕೊಂಡವರಿಗೆ ಮುಂದಿನದೆಲ್ಲ ಸುಲಭ.

ಗೇಟು 9ಕ್ಕೆ ಹಾಕುತ್ತಾರೆಂದು 8.55ಕ್ಕೆ ತಲುಪುವ ಲೆಕ್ಕ ಇಟ್ಟುಕೊಳ್ಳಬೇಡಿ. ದಾರಿಯಲ್ಲಿ ಒಂದು ಮರ ಬಿದ್ದರೂ ಒಂದು ಲಾರಿ ಕೆಟ್ಟು ನಿಂತರೂ ರಾತ್ರಿ ಗೇಟಿನಾಚೆ ಕಳೆಯಬೇಕಾಗುತ್ತದೆ. ಮುಸ್ಸಂಜೆಯೇ ಆನೆಗಳು ರಸ್ತೆಗೆ ಬರುವ ಸಮಯ. ಹಾಗಾಗಿ ಕತ್ತಲಾಗುವ ಮುನ್ನ ಕಾಡು ದಾಟುವುದು ಒಳ್ಳೆಯದು. ಊಟಿಯಿಂದಾದರೆ ಸಂಜೆ 4ಕ್ಕೆ, ಬತ್ತೇರಿಯಿಂದಾದರೆ 5ರೊಳಗೆ ಹೊರಟುಬಿಡಿ.

ಕಾಡು ರಸ್ತೆಯಲ್ಲಿ ನಡೆದುಕೊಳ್ಳುವ ಬಗೆ

ಚೆಕ್‌ಪೋಸ್ಟ್ ದಾಟಿದ ಮೇಲೆ ಎಲ್ಲೂ ನಿಲ್ಲಿಸುವಂತಿಲ್ಲ. ಫೋಟೊಗೆಂದು ಇಳಿಯುವುದು, ಮಂಗಗಳಿಗೆ ಬಿಸ್ಕತ್ತು ಎಸೆಯುವುದು, ಹಾರ್ನ್ ಮಾಡುವುದು, ಜೋರಾಗಿ ಹಾಡು ಹಾಕುವುದು, ಕಸ ಬಿಸಾಡುವುದು ಎಲ್ಲಕ್ಕೂ ದಂಡ ಬೀಳುತ್ತದೆ. ದಂಡಕ್ಕಿಂತ ದೊಡ್ಡದು ಜೀವದ ಮಾತು. ತರಕಾರಿ, ಕಬ್ಬು ತುಂಬಿದ ಲಾರಿಗಳ ವಾಸನೆ ಹಿಡಿದು ರಸ್ತೆಗೆ ಬರುವ ಆನೆಗಳಿವೆ. ವಾಹನದಿಂದ ಇಳಿದು ಸೆಲ್ಫಿ ತೆಗೆಯಲು ಹೋಗಿ ಆನೆ ಅಟ್ಟಿಸಿಕೊಂಡು ಬಂದ ಘಟನೆಗಳು ಈ ರಸ್ತೆಗಳಲ್ಲಿ ನಡೆದಿವೆ. ಆನೆ ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮುಟ್ಟದೆ, ಅದು ದಾಟಿ ಹೋಗುವವರೆಗೆ ಕಾಯಿರಿ. ಮುಂದಿರುವ ವಾಹನವನ್ನು ಹಿಂದಿಕ್ಕಿ ನುಗ್ಗಬೇಡಿ.

ಕಾಡಿನೊಳಗೆ ಪೆಟ್ರೋಲ್ ಬಂಕಿಲ್ಲ, ಮೊಬೈಲ್ ಸಿಗ್ನಲ್ ಹಲವೆಡೆ ಸಿಗುವುದಿಲ್ಲ. ಪೆಟ್ರೋಲ್, ಟೈರಿನ ಗಾಳಿ, ಸ್ಟೆಪ್ನಿ ಎಲ್ಲವನ್ನೂ ಗುಂಡ್ಲುಪೇಟೆಯಲ್ಲೇ ನೋಡಿಕೊಳ್ಳಿ. ಶೌಚಾಲಯದ ಕೆಲಸವನ್ನೂ ಇಲ್ಲೇ ಮುಗಿಸಿಕೊಳ್ಳುವುದು ಉತ್ತಮ, ಮಕ್ಕಳು ಮತ್ತು ವಯಸ್ಸಾದವರು ಜೊತೆಗಿದ್ದರೆ ಇದು ಮುಖ್ಯ.

ಮೊದಲ ದಿನ: ಬೆಟ್ಟ ಮತ್ತು ಊರು

ಬಂದ ದಿನವೇ ದೂರ ಓಡಬೇಡಿ. ಗುಂಡ್ಲುಪೇಟೆಯಿಂದ ಸುಮಾರು 20 ಕಿ.ಮೀ. ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟವಿದೆ. ಊಟಿ ರಸ್ತೆಯಲ್ಲಿ ಹಂಗಳದವರೆಗೆ ಹೋಗಿ ಬಲಕ್ಕೆ ತಿರುಗಬೇಕು. 1,454 ಮೀಟರ್ ಎತ್ತರದ ಈ ಬೆಟ್ಟ ಬಂಡೀಪುರ ಅರಣ್ಯದ ಅತಿ ಎತ್ತರದ ಜಾಗ. ಹೊಯ್ಸಳರ ಬಲ್ಲಾಳ ಅರಸ 14ನೇ ಶತಮಾನದ ಆರಂಭದಲ್ಲಿ ಕಟ್ಟಿಸಿದನೆಂದು ಹೇಳುವ ವೇಣುಗೋಪಾಲನ ಗುಡಿ ಮೇಲಿದೆ. ಮಂಜು ಮುಸುಕಿದ ದಿನ ಗುಡಿಯ ಗೋಪುರ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ.

ಖಾಸಗಿ ವಾಹನಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ತಪ್ಪಲಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಬೆಳಿಗ್ಗೆ 8.30ರ ನಂತರ ಬಸ್ಸು ಶುರು, ಸಂಜೆ 4ರ ಹೊತ್ತಿಗೆ ದರ್ಶನ ಮುಗಿಯುತ್ತದೆ. ಶನಿವಾರ, ಭಾನುವಾರ, ಅದರಲ್ಲೂ ಶ್ರಾವಣ ಶನಿವಾರಗಳಂದು ಬಸ್ಸಿಗೆ ಉದ್ದನೆಯ ಸಾಲು. ವಾರದ ನಡುವಿನ ದಿನ, ಮೊದಲ ಬಸ್ಸು ಹಿಡಿಯುವುದು ಜಾಣತನ. ಬೇಸಿಗೆಯಲ್ಲೂ ಮೇಲೆ ಗಾಳಿ ಜೋರು, ಒಂದು ಸ್ವೆಟರ್ ಜೊತೆಗಿರಲಿ. ಪ್ಲಾಸ್ಟಿಕ್ ಕೊಂಡೊಯ್ಯಬೇಡಿ.

ಬಂಡೀಪುರದ ಚರಿತ್ರೆಗೂ ಈ ಬೆಟ್ಟದ ದೇವರಿಗೂ ನಂಟಿದೆ. 1941ರಲ್ಲಿ ಮೈಸೂರು ಸಂಸ್ಥಾನ ಇಲ್ಲಿನ ಕಾಡನ್ನು ವಿಸ್ತರಿಸಿ ಕಾಯ್ದಿಟ್ಟಾಗ ಅದಕ್ಕೆ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದೇ ಹೆಸರಿಟ್ಟಿತು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಸಫಾರಿಯ ಆಸೆಯಿದ್ದರೆ ಹೊರಡುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ಹಾವಳಿಯಾದಾಗ, ಕಾಳ್ಗಿಚ್ಚಿನ ಕಾಲದಲ್ಲಿ ಸಫಾರಿಯನ್ನು ನಿಲ್ಲಿಸುವುದುಂಟು. ಏಕೆಂದರೆ ಇಲಾಖೆಯ ಸಿಬ್ಬಂದಿ ಜನರ ಮತ್ತು ಕಾಡಿನ ರಕ್ಷಣೆಗೆ ಹೋಗಬೇಕಾಗುತ್ತದೆ. ಆಗ ಬೇಸರಿಸಿಕೊಳ್ಳದೆ ಬೇರೆ ದಿಕ್ಕು ಹಿಡಿಯಿರಿ.

ಮಧ್ಯಾಹ್ನದ ನಂತರ ಊರಿಗೆ ಬನ್ನಿ. ಗುಂಡ್ಲುಪೇಟೆಯ ವಿಜಯನಾರಾಯಣ ಸ್ವಾಮಿ ದೇವಾಲಯ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಊರಿನ ಇನ್ನೊಂದು ಮುಖ್ಯ ಗುಡಿ ಪರವಾಸುದೇವನದು. ಮೈಸೂರಿನ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ್ದು. ಊಟಿಯ ದಾರಿಯ ಊರು ಎಂದಷ್ಟೇ ತಿಳಿದವರಿಗೆ, 17ನೇ ಶತಮಾನದಲ್ಲಿ ಇದು ಒಡೆಯರ ಮನೆತನಕ್ಕೆ ಎಷ್ಟು ಬೇಕಾದ ಸ್ಥಳವಾಗಿತ್ತೆಂಬುದು ಇಲ್ಲಿ ಗೊತ್ತಾಗುತ್ತದೆ.

ಉತ್ತರಕ್ಕೆ: ನಂಜನಗೂಡು

ಗೇಟಿನ ಚಿಂತೆಯಿಲ್ಲದ ದಿಕ್ಕು ಇದು. ಮೈಸೂರು ರಸ್ತೆಯಲ್ಲಿ ಬೇಗೂರು ದಾಟಿ ಸುಮಾರು 36 ಕಿ.ಮೀ. ಹೋದರೆ ನಂಜನಗೂಡು. ಗುಂಡ್ಲುಪೇಟೆ ಕಡೆಯಿಂದ ಹರಿದುಬರುವ ಗುಂಡ್ಲು ಹೊಳೆಗೆ ಕೌಂಡಿನ್ಯ ಎಂಬ ಹೆಸರೂ ಇದೆ. ಅದು ಕಪಿಲೆಯನ್ನು ಸೇರುವುದು ನಂಜನಗೂಡಿನಲ್ಲೇ. ಹೊಳೆ ಹರಿದ ದಿಕ್ಕಿನಲ್ಲೇ ನೀವೂ ಸಾಗುತ್ತೀರಿ.

ಶ್ರೀಕಂಠೇಶ್ವರ ದೇವಾಲಯಕ್ಕೆ ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆಗಳಂದು ಜನ ಕಿಕ್ಕಿರಿದಿರುತ್ತಾರೆ. ಜಾತ್ರೆಯನ್ನೇ ನೋಡಬೇಕೆಂದವರು ಮಾರ್ಚ್-ಏಪ್ರಿಲ್‌ನ ದೊಡ್ಡಜಾತ್ರೆಗೆ ಬನ್ನಿ, ಐದು ತೇರುಗಳು ಒಂದರ ಹಿಂದೊಂದು ಸಾಗುವ ಪಂಚ ಮಹಾರಥೋತ್ಸವ ಅದು. ಒಂಬತ್ತು ಅಂತಸ್ತಿನ, ಸುಮಾರು 120 ಅಡಿ ಎತ್ತರದ ರಾಜಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೊಡುಗೆ. ಟಿಪ್ಪು ಸುಲ್ತಾನ್ ತನ್ನ ಪಟ್ಟದಾನೆಯ ಕಣ್ಣು ವಾಸಿಯಾದುದಕ್ಕೆ ಇಲ್ಲಿಗೆ ಪಚ್ಚೆಲಿಂಗ ಅರ್ಪಿಸಿ, ದೇವರನ್ನು ಹಕೀಂ ನಂಜುಂಡ ಎಂದು ಕರೆದನೆಂಬ ಕಥೆಯನ್ನು ಇಲ್ಲಿನವರು ಇಂದಿಗೂ ಹೇಳುತ್ತಾರೆ.

ಗುಡಿಯಿಂದ ಹೊರಟು ಕಪಿಲೆಯ ಮೇಲಿನ ಹಳೆಯ ಸೇತುವೆಯನ್ನು ನೋಡದೆ ಬರಬೇಡಿ. 1735ರ ಕಲ್ಲಿನ ಕಮಾನುಗಳ ಈ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ದೇಶದಲ್ಲಿ ಉಳಿದಿರುವ ತೀರಾ ಹಳೆಯ ಸೇತುವೆಗಳಲ್ಲಿ ಇದೊಂದು. ಪೇಟೆಯಲ್ಲಿ ನಂಜನಗೂಡು ರಸಬಾಳೆಗಾಗಿ ವಿಚಾರಿಸಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು ಇದು. ಸೊರಗು ರೋಗಕ್ಕೆ ಸಿಕ್ಕಿ ತೋಟಗಳು ಕಡಿಮೆಯಾಗಿರುವುದರಿಂದ ಬೆಲೆ ಹೆಚ್ಚು, ಸಿಗುವುದೂ ಅಪರೂಪ. ಹೆಸರು ಹೇಳಿ ಬೇರೆ ಬಾಳೆ ಮಾರುವವರೂ ಇರುವುದರಿಂದ ಗೊತ್ತಿರುವವರ ಬಳಿಯೇ ಕೊಳ್ಳಿ. ಮನೆಯ ಹಿರಿಯರು ಬಳಸುತ್ತಿದ್ದ ನಂಜನಗೂಡು ಹಲ್ಲುಪುಡಿಯ ಹುಟ್ಟೂರೂ ಇದೇ, ಅದನ್ನು ತಯಾರಿಸುವ ಸದ್ವೈದ್ಯಶಾಲೆ ಆರಂಭವಾದದ್ದು 1913ರಲ್ಲಿ.

ಪೂರ್ವಕ್ಕೆ: ತೆರಕಣಾಂಬಿ, ಚಾಮರಾಜನಗರ, ಗಾಜನೂರು

ಪ್ರವಾಸಿಗರು ಅತಿ ಕಡಿಮೆ ಹೋಗುವ ದಿಕ್ಕು ಇದು. ಕನ್ನಡಿಗರು ತಪ್ಪದೆ ಹೋಗಬೇಕಾದ ದಿಕ್ಕೂ ಇದೇ.

ಮೊದಲು ಸಿಗುವುದು ತೆರಕಣಾಂಬಿ. ಹಿಂದೆ ಪಾಳೆಯಗಾರರ ಆಳ್ವಿಕೆ ಕಂಡ ಊರು, ಹಳೆಯ ಗುಡಿಗಳು ಊರ ತುಂಬ ಹರಡಿವೆ. ಸಮೀಪದ ತ್ರಿಯಂಬಕಪುರದಲ್ಲಿ ಶಿವನ ಗುಡಿ, ಹುಲುಗನಮುರಡಿ ಬೆಟ್ಟದ ಮೇಲೆ ವೆಂಕಟರಮಣ. ತೆರಕಣಾಂಬಿ ಇಂದು ಹೆಸರಾಗಿರುವುದು ತರಕಾರಿ ಮಾರುಕಟ್ಟೆಗೆ. ಈ ಸೀಮೆಯಲ್ಲಿ ಬೆಳೆದ ಟೊಮೆಟೊ, ಬೀನ್ಸ್, ಬೀಟ್‌ರೂಟ್, ಸಣ್ಣ ಈರುಳ್ಳಿ, ಬಾಳೆ ಇಲ್ಲಿಂದ ಕೇರಳಕ್ಕೆ ಹೋಗುತ್ತವೆ. ಕೇರಳ ರಸ್ತೆಯಲ್ಲಿ ನೀವು ಕಾಣುವ ಲಾರಿಗಳ ಸಾಲಿನ ಹಿಂದಿರುವುದು ಈ ರೈತರ ದುಡಿಮೆ. ರಾತ್ರಿ ಗೇಟು ಹಾಕುವುದರ ಲೆಕ್ಕವನ್ನು ಪ್ರವಾಸಿಗಳಿಗಿಂತ ಮೊದಲು ಹಾಕಬೇಕಾದವರೂ ಇವರೇ, ಏಕೆಂದರೆ ಕಿತ್ತ ತರಕಾರಿ ಕಾಯುವುದಿಲ್ಲ.

ಗುಂಡ್ಲುಪೇಟೆಯಿಂದ ಸುಮಾರು 35 ಕಿ.ಮೀ.ಗೆ ಚಾಮರಾಜನಗರ. ಹಿಂದೆ ಇದು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಅವರ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಜನನ ಮಂಟಪವನ್ನೂ ನೋಡಬಹುದು. ಇಲ್ಲಿನ ರಥೋತ್ಸವ ಆಷಾಢದಲ್ಲಿ ನಡೆಯುತ್ತದೆ. ಬೇರೆಡೆ ಆಷಾಢದಲ್ಲಿ ಹೊಸ ದಂಪತಿಯನ್ನು ದೂರವಿಟ್ಟರೆ, ಇಲ್ಲಿ ಅವರು ಒಟ್ಟಿಗೆ ತೇರಿಗೆ ಬಂದು ಹಣ್ಣು-ಧವನ ಎಸೆಯುತ್ತಾರೆ.

ಮೈಸೂರಿನಿಂದ ಬರುವ ರೈಲು ಹಳಿ ಚಾಮರಾಜನಗರದಲ್ಲಿ ಕೊನೆಗೊಳ್ಳುತ್ತದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಈ ನಾಡು ಮಲೆ ಮಹದೇಶ್ವರ, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಾವ್ಯಗಳ ನಾಡು. ಕಂಸಾಳೆಯವರು, ನೀಲಗಾರರು ಇಡೀ ರಾತ್ರಿ ಹಾಡುವ ಪರಂಪರೆ ಇಲ್ಲಿ ಬದುಕಿದೆ. ನೀವು ಹೋಗುವ ದಿನ ಎಲ್ಲಾದರೂ ಕಥೆ, ಜಾತ್ರೆ, ಪರಸೆ ಇದೆಯೇ ಎಂದು ಟೀ ಅಂಗಡಿಯಲ್ಲೊಮ್ಮೆ ಕೇಳಿ. ಕೇಳಿದವರಿಗೆ ಈ ಭಾಗದ ಜನ ಬರೀ ದಾರಿ ಹೇಳಿ ಕಳಿಸುವುದಿಲ್ಲ, ಎಷ್ಟೋ ಸಲ ಜೊತೆಯಲ್ಲೇ ಬಂದು ತೋರಿಸುತ್ತಾರೆ.

ಶಿಲ್ಪದಲ್ಲಿ ಆಸಕ್ತಿಯಿದ್ದರೆ ನರಸಮಂಗಲದ ರಾಮೇಶ್ವರ ದೇವಾಲಯಕ್ಕೆ ಅರ್ಧ ದಿನ ಕೊಡಿ. ಗಂಗರ ಕಾಲದ ಈ ಗುಡಿಯ ವಿಮಾನದ ಮೇಲಿನ ಗಾರೆಯ ಮೂರ್ತಿಗಳು ಮತ್ತು ಸಪ್ತಮಾತೃಕೆಯರ ಶಿಲ್ಪಗಳು ಕರ್ನಾಟಕದಲ್ಲೇ ಅಪರೂಪದವು. ಮಲೆಯೂರಿನ ಕನಕಗಿರಿ ಹಳೆಯ ಜೈನ ಕ್ಷೇತ್ರ, ಪೂಜ್ಯಪಾದ ಮುನಿಗಳ ಹೆಸರಿನೊಡನೆ ಬೆಸೆದ ಜಾಗ.

ಚಾಮರಾಜನಗರದ ದಕ್ಷಿಣಕ್ಕೆ, ತಮಿಳುನಾಡಿನ ಗಡಿ ದಾಟಿದೊಡನೆ ತಾಳವಾಡಿ ಸೀಮೆ. ಆಡಳಿತ ಈರೋಡ್ ಜಿಲ್ಲೆಯದು, ಮನೆಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಹುಟ್ಟೂರಾದ ಗಾಜನೂರು ಇಲ್ಲಿದೆ. ಈಗಲೂ ಅಭಿಮಾನಿಗಳು ಆ ಮನೆ, ತೋಟ ನೋಡಲು ಬರುತ್ತಾರೆ. ಅದು ಜನ ಬದುಕುತ್ತಿರುವ ಹಳ್ಳಿ. ಕೇಳಿಯೇ ಒಳಹೋಗಿ, ಕೇಳಿಯೇ ಫೋಟೊ ತೆಗೆಯಿರಿ. ದೀಪಾವಳಿಯ ಹೊತ್ತಿಗೆ ಬಂದವರಿಗೆ ಹತ್ತಿರದ ಗುಮಟಾಪುರದಲ್ಲಿ ಸಗಣಿಯುಂಡೆ ಎಸೆದಾಡುವ ಗೊರೆಹಬ್ಬವೂ ಸಿಗಬಹುದು.

ಪಶ್ಚಿಮಕ್ಕೆ: ಸುಲ್ತಾನ್ ಬತ್ತೇರಿ

ಕೇರಳ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟಿನಿಂದ ಕಾಡು ಶುರು. ಮೂಲೆಹೊಳೆ ದಾಟಿದರೆ ಕೇರಳದ ಮುತ್ತಂಗ, ಮುಂದೆ ಬತ್ತೇರಿ. ಒಟ್ಟು ಸುಮಾರು 55 ಕಿ.ಮೀ., ಒಂದೂವರೆ ಗಂಟೆಯ ದಾರಿ. ಬೆಳಿಗ್ಗೆ 6ಕ್ಕೆ ಗೇಟು ತೆರೆದ ಕೂಡಲೇ ಹೊರಟರೆ ಪ್ರಾಣಿಗಳು ಕಾಣುವ ಸಾಧ್ಯತೆ ಹೆಚ್ಚು, ಲಾರಿಗಳ ಸಾಲು ಮಾತ್ರ ಆ ಹೊತ್ತಿಗೆ ದಟ್ಟ. 7ಕ್ಕೆ ಹೊರಟರೆ ದಾರಿ ಸ್ವಲ್ಪ ತಿಳಿಯಾಗಿರುತ್ತದೆ.

ಬತ್ತೇರಿಯ ಹಳೆಯ ಹೆಸರು ಗಣಪತಿವಟ್ಟಂ. ಟಿಪ್ಪುವಿನ ಸೇನೆ ಇಲ್ಲಿ ಮದ್ದುಗುಂಡು ಇರಿಸಿದ್ದರಿಂದ ಈಗಿನ ಹೆಸರು ಬಂತು. ಅದಕ್ಕೆ ಬಳಸಿದ್ದೆಂದು ಹೇಳುವ ಕಟ್ಟಡ ಒಂದು ಜೈನ ಬಸದಿ. ಗ್ರಾನೈಟ್ ಕಲ್ಲಿನ ಆ ಬಸದಿ ಈಗ ಸಂರಕ್ಷಿತ ಸ್ಮಾರಕ, ಪೇಟೆಯ ನಡುವೆಯೇ ಇದೆ. ವಯನಾಡಿನ ಜೈನ ಕುಟುಂಬಗಳ ಮೂಲ ಕನ್ನಡನಾಡು. ಹಿಂದಿನ ದಿನ ಕನಕಗಿರಿ ನೋಡಿದ್ದರೆ, ಜೈನರು ಈ ಬೆಟ್ಟಸೀಮೆಯ ಎರಡೂ ಬದಿಯಲ್ಲಿ ನೆಲೆಸಿದ್ದರೆಂಬುದು ಬಸದಿಯ ಮುಂದೆ ನಿಂತಾಗ ಮನಸ್ಸಿಗೆ ಬರುತ್ತದೆ.

ಬತ್ತೇರಿಯಿಂದ ಸುಮಾರು 12 ಕಿ.ಮೀ. ದೂರದ ಎಡಕ್ಕಲ್ ಈ ದಿನದ ಮುಖ್ಯ ಭೇಟಿ. ಗುಹೆ ಎಂದು ಕರೆದರೂ ಇದು ಬೆಟ್ಟದ ಸೀಳಿನಲ್ಲಿ ಬೃಹತ್ ಬಂಡೆಯೊಂದು ಸಿಕ್ಕಿಕೊಂಡು ಉಂಟಾದ ಜಾಗ. ಒಳಗೋಡೆಗಳ ಮೇಲೆ ನವಶಿಲಾಯುಗದ ಕಾಲದಿಂದ ಕೆತ್ತಿದ ಮನುಷ್ಯರ, ಪ್ರಾಣಿಗಳ ರೇಖೆಗಳಿವೆ, ಬ್ರಾಹ್ಮಿ ಬರಹಗಳೂ ಇವೆ. 1890ರ ದಶಕದಲ್ಲಿ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಇವನ್ನು ಹೊರಜಗತ್ತಿಗೆ ತಿಳಿಸಿದ. ಸೋಮವಾರ ರಜೆ. ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕು, ಮೊಣಕಾಲು ನೋವಿರುವವರಿಗೆ ಕಷ್ಟ. ಅವರು ಹತ್ತಿರದ ಅಂಬಲವಯಲ್ ವಸ್ತುಸಂಗ್ರಹಾಲಯ ನೋಡಬಹುದು. ಎಡಕ್ಕಲ್‌ಗೆ ಬೆಳಿಗ್ಗೆಯೇ ಹೋಗಿ, ಊಟಕ್ಕೆ ಬತ್ತೇರಿಗೆ ಬಂದು, ಮಧ್ಯಾಹ್ನ ಬಸದಿ ನೋಡಿ, 5ರೊಳಗೆ ಹೊರಡುವುದು ಸರಿಯಾದ ಕ್ರಮ. ಇನ್ನೂ ಮುಂದಿನ ಕಲ್ಪೆಟ್ಟ, ಪೂಕೋಡು, ಬಾಣಾಸುರ ಸಾಗರಗಳನ್ನು ಇದೇ ದಿನಕ್ಕೆ ಸೇರಿಸಬೇಡಿ. ಸೇರಿಸಿದರೆ ಯಾವುದನ್ನೂ ಪೂರ್ತಿ ನೋಡಿದಂತಾಗುವುದಿಲ್ಲ, ಸಂಜೆ ಗೇಟಿಗೆ ಓಡಬೇಕಾಗುತ್ತದೆ.

ದಕ್ಷಿಣಕ್ಕೆ: ತೆಪ್ಪಕಾಡು, ಗೂಡಲೂರು, ಊಟಿ

ನಾಲ್ಕರಲ್ಲಿ ಅತಿ ಉದ್ದದ ದಿನ ಇದು. ಮೇಲುಕಾಮನಹಳ್ಳಿ, ಬಂಡೀಪುರ, ಕೆಕ್ಕನಹಳ್ಳ ದಾಟಿದರೆ ತಮಿಳುನಾಡಿನ ಮುದುಮಲೆ. ತೆಪ್ಪಕಾಡಿನಲ್ಲಿ ಮೋಯಾರ್ ದಂಡೆಯ ಆನೆ ಶಿಬಿರವಿದೆ. 2023ರಲ್ಲಿ ಆಸ್ಕರ್ ಪಡೆದ ಸಾಕ್ಷ್ಯಚಿತ್ರ ‘ದಿ ಎಲಿಫೆಂಟ್ ವಿಸ್ಪರರ್ಸ್’ ತೋರಿಸಿದ್ದು ಇಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕಿದ ದಂಪತಿಯ ಬದುಕನ್ನು.

ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಗೂಡಲೂರಿನ ಮೂಲಕ, ಗುಂಡ್ಲುಪೇಟೆಯಿಂದ ಊಟಿಗೆ ನೂರು ಕಿ.ಮೀ.ಗೆ ಹತ್ತಿರ. ಇನ್ನೊಂದು ಮಸಿನಗುಡಿ, ಕಲ್ಲಟ್ಟಿ ಮೂಲಕ, 25-30 ಕಿ.ಮೀ. ಕಡಿಮೆ. ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ಏರು ಬಹಳ ಕಡಿದು, ಅಪಘಾತಗಳೂ ಬಹಳ. ಹೊರಗಿನ ವಾಹನಗಳು ಆ ದಾರಿಯಲ್ಲಿ ಇಳಿಯುವುದಕ್ಕೆ ನಿರ್ಬಂಧವಿದೆ. ಹತ್ತುವ ನಿಯಮ ಆ ದಿನ ಏನೆಂದು ಚೆಕ್‌ಪೋಸ್ಟಿನಲ್ಲಿ ಕೇಳಿಕೊಳ್ಳಿ. ಘಾಟಿ ಓಡಿಸಿ ಅಭ್ಯಾಸವಿಲ್ಲದವರು ಹೋಗುವಾಗಲೂ ಬರುವಾಗಲೂ ಗೂಡಲೂರು ದಾರಿಯನ್ನೇ ಹಿಡಿಯಿರಿ. ಇಳಿಯುವಾಗ ಬ್ರೇಕನ್ನೇ ನಂಬದೆ ಎರಡನೇ ಗೇರಿನಲ್ಲಿ ಇಳಿಸಿ.

ಊಟಿಗೆ ಹೋಗುವ ವಾಹನಕ್ಕೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಮತ್ತು ಕೊಡೈಕೆನಾಲ್‌ಗೆ ಈ ವ್ಯವಸ್ಥೆ ಜಾರಿಗೆ ಬಂತು. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆದು, ಅದರ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಕಾಡಿನ ನಡುವೆ ನೆಟ್‌ವರ್ಕ್ ಹುಡುಕುವ ಪಾಡು ತಪ್ಪುತ್ತದೆ. ಬೇಸಿಗೆ ರಜೆಯಲ್ಲಿ ವಾಹನಗಳ ಸಂಖ್ಯೆಗೆ ಮಿತಿ ಹಾಕಿದ್ದೂ ಇದೆ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷಿದ್ಧ, ಸ್ಟೀಲ್ ಬಾಟಲಿ ಒಯ್ಯಿರಿ.

ಒಂದೇ ದಿನದಲ್ಲಿ ಊಟಿಯನ್ನು ಪೂರ್ತಿ ನೋಡಲಾಗದು. ಎರಡು ಜಾಗ ಆಯ್ದುಕೊಳ್ಳಿ. 1848ರಲ್ಲಿ ಆರಂಭವಾದ ಸಸ್ಯೋದ್ಯಾನ ಒಂದು. ಫರ್ನ್‌ಹಿಲ್‌ನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯೇ ಬೆಳೆಸಿರುವ ಕರ್ನಾಟಕ ಸಿರಿ ಉದ್ಯಾನ ಇನ್ನೊಂದು. ಮೈಸೂರು ಅರಸರ ಬೇಸಿಗೆ ಅರಮನೆಯೂ ಅದೇ ಫರ್ನ್‌ಹಿಲ್‌ನಲ್ಲಿದೆ. ಎತ್ತರದಿಂದ ನೋಡಬೇಕೆಂದವರಿಗೆ 2,600 ಮೀಟರಿಗೂ ಮಿಗಿಲಾದ ದೊಡ್ಡಬೆಟ್ಟ. ನೀಲಗಿರಿಯ ಬಡಗ ಸಮುದಾಯದವರೊಡನೆ ನಿಧಾನವಾಗಿ ಮಾತಾಡಿದರೆ ಕನ್ನಡಕ್ಕೆ ತೀರ ಹತ್ತಿರವಾದ ಅವರ ನುಡಿ ನಿಮಗೂ ಅರ್ಥವಾಗುತ್ತದೆ.

ಪುಟಾಣಿ ರೈಲಿನ ಆಸೆ ಎಲ್ಲರಿಗೂ ಇರುತ್ತದೆ. ಮೆಟ್ಟುಪಾಳಯಂನಿಂದ 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಬಂದ ಈ 46 ಕಿ.ಮೀ. ಹಳಿ 2005ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಂದು ದಿನದ ಪ್ರವಾಸಿಗೆ ಸಾಧ್ಯವಾಗುವುದು ಊಟಿ-ಕೂನೂರು ತುಣುಕು ಮಾತ್ರ, ಅದಕ್ಕೂ ಮೊದಲೇ ಟಿಕೆಟ್ ಕಾಯ್ದಿರಿಸಬೇಕು. ರೈಲು ಹತ್ತಿದರೆ ಉಳಿದದ್ದು ಬಿಟ್ಟಂತೆ. ಮಕ್ಕಳಿದ್ದರೆ ರೈಲನ್ನೇ ಆರಿಸಿ, ಉದ್ಯಾನ ಇನ್ನೊಮ್ಮೆಗಿರಲಿ.

ಬಸ್ಸಿನಲ್ಲಿ ಹೋಗುವವರಿಗೆ

ಈ ಪ್ರವಾಸಕ್ಕೆ ಸ್ವಂತ ಕಾರು ಬೇಕೇ ಬೇಕೆಂದಿಲ್ಲ. ಮೈಸೂರಿನಿಂದ ಊಟಿ, ಬತ್ತೇರಿ, ಕೋಯಿಕ್ಕೋಡಿಗೆ ಹೋಗುವ ಬಸ್ಸುಗಳೆಲ್ಲ ಗುಂಡ್ಲುಪೇಟೆ ನಿಲ್ದಾಣದ ಮೂಲಕ ಸಾಗುತ್ತವೆ. ಮೈಸೂರು, ನಂಜನಗೂಡು, ಚಾಮರಾಜನಗರದ ಕಡೆಗೆ ಬಸ್ಸುಗಳು ಆಗಾಗ ಇವೆ. ಊಟಿಗೆ ಬಸ್ಸಿನಲ್ಲಿ ಹೋದರೆ ಇ-ಪಾಸ್, ಘಾಟಿ, ಪಾರ್ಕಿಂಗ್ ಮೂರೂ ಚಿಂತೆ ಇಲ್ಲ. ನಿಲ್ದಾಣದಲ್ಲಿ ಹೋಗುವ ಬಸ್ಸಿಗಿಂತ ಮೊದಲು, ಕಾಡು ದಾಟುವ ಕೊನೆಯ ಮರಳು ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ. ಅದನ್ನು ನಂಬಿ ಕೂರದೆ, ಅದಕ್ಕಿಂತ ಮುಂಚಿನ ಬಸ್ಸನ್ನು ಹಿಡಿಯಿರಿ. ನಂಜನಗೂಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಚಾಮರಾಜನಗರಕ್ಕೆ ರೈಲಿನಲ್ಲಿ, ಮತ್ತೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬರುವ ಸುತ್ತು ಕಡಿಮೆ ಖರ್ಚಿನದು, ಮಕ್ಕಳಿಗಂತೂ ಬಹಳ ಹಿಡಿಸುತ್ತದೆ.

ಯಾವ ತಿಂಗಳು, ಯಾವ ದಿಕ್ಕು

ಜೂನ್‌ನಿಂದ ಆಗಸ್ಟ್‌ವರೆಗೆ ಗುಂಡ್ಲುಪೇಟೆಯ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡು ಹೂವು. ಹೆದ್ದಾರಿಯ ಎರಡೂ ಬದಿ ಹಳದಿ, ಕಿತ್ತಳೆ ಹಾಸಿರುತ್ತದೆ. ಫೋಟೊಗೆ ಕೆಲವು ರೈತರು ಸಣ್ಣ ಮೊತ್ತ ಕೇಳುತ್ತಾರೆ, ಚೌಕಾಸಿ ಮಾಡದೆ ಕೊಡಿ. ಬೆಳೆ ತುಳಿದರೆ ಅವರಿಗಾಗುವ ನಷ್ಟ ಅದಕ್ಕಿಂತ ಬಹಳ ಹೆಚ್ಚು. ಮಳೆಗಾಲದಲ್ಲಿ ವಯನಾಡು, ನೀಲಗಿರಿಗೆ ಹೊರಡುವ ಮುನ್ನ ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿಯೇ ಹೊರಡಿ. 2024ರ ಜುಲೈ 30ರ ವಯನಾಡಿನ ಭೂಕುಸಿತ ಈ ಬೆಟ್ಟಗಳ ಮಳೆ ಏನು ಮಾಡಬಲ್ಲದೆಂದು ತೋರಿಸಿದೆ. ರೆಡ್ ಅಲರ್ಟ್ ಇದ್ದ ದಿನ ನಂಜನಗೂಡಿಗೋ ಚಾಮರಾಜನಗರಕ್ಕೋ ಹೋಗಿ.

ನವೆಂಬರ್‌ನಿಂದ ಜನವರಿ ನಾಲ್ಕೂ ದಿಕ್ಕಿಗೆ ಒಳ್ಳೆಯ ಕಾಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಾಡು ಒಣಗಿ ನಿಂತಿರುತ್ತದೆ. 2019ರ ಫೆಬ್ರುವರಿಯ ಬೆಂಕಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಿತು. ಈ ತಿಂಗಳುಗಳಲ್ಲಿ ಒಂದು ಬೀಡಿ, ಸಿಗರೇಟಿನ ತುಂಡೂ ಕಿಟಕಿಯಿಂದ ಹೊರಗೆ ಬೀಳಬಾರದು. ಏಪ್ರಿಲ್-ಮೇ ರಜೆಯಲ್ಲಿ ಊಟಿ ರಸ್ತೆಯಲ್ಲಿ ವಾಹನಗಳ ಸಾಲು ಕಿಲೋಮೀಟರುಗಟ್ಟಲೆ ಬೆಳೆಯುತ್ತದೆ. ಆಗ ಪೂರ್ವ, ಉತ್ತರ ದಿಕ್ಕುಗಳೇ ನೆಮ್ಮದಿ.

ನಿಮ್ಮ ಬಳಿ ಎಷ್ಟು ದಿನ ಇದೆ?

ಎರಡು ದಿನ ಇದ್ದರೆ: ಮೊದಲ ದಿನ ಗೋಪಾಲಸ್ವಾಮಿ ಬೆಟ್ಟ ಮತ್ತು ಗುಂಡ್ಲುಪೇಟೆ, ಎರಡನೆಯ ದಿನ ತೆರಕಣಾಂಬಿ, ಚಾಮರಾಜನಗರ.

ಮೂರು ದಿನ ಇದ್ದರೆ: ಇವೆರಡರ ನಡುವೆ ಬತ್ತೇರಿ ಮತ್ತು ಎಡಕ್ಕಲ್. ಆ ದಿನ ಸೋಮವಾರವಾಗದಂತೆ ನೋಡಿಕೊಳ್ಳಿ.

ನಾಲ್ಕು ದಿನ ಇದ್ದರೆ: ವಾರದ ನಡುವಿನ ಒಂದು ದಿನ ಊಟಿಗೆ. ನಂಜನಗೂಡನ್ನು ಮೈಸೂರಿನಿಂದ ಬರುವಾಗಲೋ ಮರಳುವಾಗಲೋ ದಾರಿಯಲ್ಲೇ ನೋಡಬಹುದು.

ವಯಸ್ಸಾದವರು ಜೊತೆಗಿದ್ದರೆ: ನಂಜನಗೂಡು, ಚಾಮರಾಜನಗರ ಎರಡೇ ಸಾಕು. ರಸ್ತೆ ಸಮತಟ್ಟು, ಆಸ್ಪತ್ರೆ ಹತ್ತಿರ, ಗೇಟಿನ ಅವಸರವಿಲ್ಲ. ಬೆಟ್ಟಕ್ಕೆ ಬಸ್ಸಿನಲ್ಲೇ ಹೋಗುವುದರಿಂದ ಗೋಪಾಲಸ್ವಾಮಿಯ ದರ್ಶನವೂ ಅವರಿಗೆ ಕಷ್ಟವಲ್ಲ.

ಗುಂಡ್ಲುಪೇಟೆಯಲ್ಲಿ ತಂಗುವುದರಿಂದ ನಿಮ್ಮ ಹಣ ಉಳಿಯುತ್ತದೆ, ನಿಜ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಬಂಡೀಪುರದ ಅಂಚಿನ ಹಳ್ಳಿಗಳ ಜನ ಆನೆಗಳಿಗೆ ಬೆಳೆ ಕಳೆದುಕೊಳ್ಳುತ್ತಾರೆ, ಹುಲಿಗೆ ದನಕರು ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಮನೆಯವರನ್ನೇ ಕಳೆದುಕೊಳ್ಳುತ್ತಾರೆ. ಕಾಡು ಉಳಿದಿರುವುದಕ್ಕೆ ದಿನನಿತ್ಯ ಬೆಲೆ ತೆರುತ್ತಿರುವವರು ಅವರು. ಆ ಕಾಡನ್ನು ನೋಡಲು ಬಂದವರ ಹಣದ ಒಂದು ಪಾಲಾದರೂ ಅವರ ಊರಿನ ಹೋಟೆಲಿಗೆ, ಆಟೊದವರಿಗೆ, ತರಕಾರಿ ಮಾರುವ ಹೆಂಗಸರಿಗೆ ಸೇರಬೇಕು. ಊಟಕ್ಕೆ ಊರಿನ ಮೆಸ್ಸಿನಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಕೇಳಿ. ಮರಳುವಾಗ ಸಣ್ಣ ಈರುಳ್ಳಿ, ಅರಿಶಿನ, ಬಾಳೆಯನ್ನು ರಸ್ತೆ ಬದಿಯ ರೈತರಿಂದಲೇ ಕೊಳ್ಳಿ. ಮುಂದಿನ ಸಲ ಊಟಿಗೆ ಕೋಣೆ ಹುಡುಕುವ ಮೊದಲು ಗುಂಡ್ಲುಪೇಟೆಗೆ ಒಂದು ಫೋನ್ ಮಾಡಿ ನೋಡಿ.